ಒಂದೇ ಚೀಟಿಯಲ್ಲಿ ಎರಡು ಮಾತ್ರೆ

ಇವತ್ತು ಕಣ್ಣಿಗೆ ಬಿದ್ದ ಚೀಟಿಯಲ್ಲಿ ಎರಡು ಹೆಸರು: ಸಿಮ್ವಾಸ್ಟಾಟಿನ್, ಕ್ಲಾರಿಥ್ರೊಮೈಸಿನ್.
ಒಂದು ಕೊಲೆಸ್ಟ್ರಾಲಿಗೆ, ಇನ್ನೊಂದು ಎದೆಯ ಸೋಂಕಿಗೆ.
ಇವೆರಡನ್ನೂ ಒಟ್ಟಿಗೆ ನುಂಗಲೇಬಾರದು.

ಸಿಮ್ವಾಸ್ಟಾಟಿನ್ ಅನ್ನು ಒಡೆದು ಹೊರಹಾಕೋದು ಲಿವರಿನ ಸಿವೈಪಿ3ಎ4 ಅನ್ನೋ ಕಿಣ್ವ. ಕ್ಲಾರಿಥ್ರೊಮೈಸಿನ್ ಅದನ್ನೇ ತಡೆಯುತ್ತೆ. ನುಂಗಿದ್ದು ಅದೇ ಡೋಸ್, ರಕ್ತದಲ್ಲಿ ಮಾತ್ರ ಹಲವು ಪಟ್ಟು. ಸ್ನಾಯು ಒಡೆದು ಕಿಡ್ನಿಗೂ ಪೆಟ್ಟು ಬೀಳಬಹುದು. ತೊಡೆ, ಭುಜದಲ್ಲಿ ವಿಪರೀತ ನೋವು, ಮೂತ್ರ ಕಡುಕಂದು ಆದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಆ್ಯಂಟಿಬಯೋಟಿಕ್ ಮುಗಿಯೋವರೆಗೆ ಡಾಕ್ಟರು ಸಿಮ್ವಾಸ್ಟಾಟಿನ್ ನಿಲ್ಲಿಸ್ತಾರೆ, ಇಲ್ಲವೇ ಬೇರೆ ಆ್ಯಂಟಿಬಯೋಟಿಕ್ ಬರೀತಾರೆ. ನಿಲ್ಲಿಸಿದ್ದನ್ನು ಮತ್ತೆ ಯಾವಾಗ ಶುರು ಮಾಡಬೇಕು ಅಂತಲೂ ಆಗಲೇ ಕೇಳಿಟ್ಟುಕೊಳ್ಳಿ.
(ಇನ್ನೊಂದು ಕೊಲೆಸ್ಟ್ರಾಲ್ ಮಾತ್ರೆ ರೋಸುವಾಸ್ಟಾಟಿನ್ ಈ ಕಿಣ್ವವನ್ನು ಅಷ್ಟಾಗಿ ನಂಬಿಕೊಂಡಿಲ್ಲ.)

ಸ್ಟ್ಯಾಟಿನ್ (ಸಿಮ್ವಾಸ್ಟಾಟಿನ್ ಗುಂಪಿನ ಕೊಲೆಸ್ಟ್ರಾಲ್ ಮಾತ್ರೆ) ತಗೊಂಡ್ರೆ ನ್ಯುಮೋನಿಯಾ ಬರಲ್ಲ ಅನ್ನೋರೂ ಇದ್ದಾರೆ. ತಗೊಳ್ಳೋರಲ್ಲಿ ಸೋಂಕು ಕಡಿಮೆ ಕಂಡ ಅಧ್ಯಯನಗಳಿವೆ, ನಿಜ. ಆದರೆ ತಪ್ಪದೆ ಮಾತ್ರೆ ನುಂಗೋರು ಲಸಿಕೆಯನ್ನೂ ತಪ್ಪದೆ ಹಾಕಿಸ್ಕೋತಾರೆ. ಲಾಭ ಯಾವುದರಿಂದ ಅಂತ ಬಿಡಿಸೋದು ಕಷ್ಟ. ಸೆಪ್ಸಿಸ್‌ನಿಂದ (ಸೋಂಕಿಗೆ ದೇಹದ ಪ್ರತಿಕ್ರಿಯೆ ಮಿತಿಮೀರಿ ಅಂಗಗಳು ಕೆಡೋ ಸ್ಥಿತಿ) ಶ್ವಾಸಕೋಶ ಕೆಟ್ಟವರಿಗೆ ರೋಸುವಾಸ್ಟಾಟಿನ್ ಕೊಟ್ಟು ನೋಡಿದ ಪ್ರಯೋಗದಲ್ಲಿ (2014) ಸಾವೇನೂ ಕಡಿಮೆಯಾಗಲಿಲ್ಲ.

ವಯಸ್ಸು 65 ದಾಟಿದ್ದರೆ ನ್ಯುಮೊಕಾಕಲ್ ಲಸಿಕೆ (ನ್ಯುಮೋನಿಯಾ ತರೋ ಒಂದು ಬ್ಯಾಕ್ಟೀರಿಯಾ ವಿರುದ್ಧದ್ದು) ಬಗ್ಗೆ ಡಾಕ್ಟರನ್ನು ಕೇಳಿ.