ಹಗುರ ಸಿಲಿಂಡರ್

ನಮ್ಮ ಮನೆಗೆ ಗ್ಯಾಸ್ ತರುವವನಿಗೆ ನಾನು ಯಾವತ್ತೂ ಬಿಲ್ಲಿನಷ್ಟೇ ದುಡ್ಡು ಕೊಟ್ಟವಳಲ್ಲ. 2025ರಲ್ಲಿ ಬಿಲ್ಲಿನಲ್ಲಿ 855 ರೂಪಾಯಿ 50 ಪೈಸೆ ಅಂತಿದ್ದಾಗ ನಾನು 900 ಕೊಡುತ್ತಿದ್ದೆ, ಅವನು ಎಣಿಸದೆ ಜೇಬಿಗಿಟ್ಟು "ಬರ್ತೀನಿ ಅಕ್ಕ" ಎನ್ನುತ್ತಿದ್ದ. ಚಿಲ್ಲರೆಯ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ.

ಬೆಂಗಳೂರಿನ ಹನುಮಂತನಗರದಲ್ಲಿ ನಾವಿರುವುದು ಎರಡನೇ ಮಹಡಿ. ಲಿಫ್ಟ್ ಇಲ್ಲ. ತುಂಬಿದ ಸಿಲಿಂಡರ್ ಹತ್ತಿರ ಹತ್ತಿರ 30 ಕೆಜಿ ತೂಗುತ್ತದೆ. ಮನೆಗೆ ತಂದುಕೊಡುವ ಖರ್ಚು ಬಿಲ್ಲಿನಲ್ಲೇ ಸೇರಿದೆ, ಬೇರೆ ಕೊಡಬೇಕಾಗಿಲ್ಲ ಅಂತ ನನಗೂ ಗೊತ್ತು, ಅವನಿಗೂ ಗೊತ್ತು. ಆದರೆ ಹೆಗಲ ಮೇಲೆ ಹೊತ್ತು ತಂದು, ಟವೆಲ್ಲಿನಲ್ಲಿ ಬೆವರು ಒರೆಸಿಕೊಳ್ಳುತ್ತಾ ನಿಂತವನ ಹತ್ತಿರ 44 ರೂಪಾಯಿ 50 ಪೈಸೆ ವಾಪಸ್ ಕೊಡಪ್ಪಾ ಅನ್ನೋಕೆ ಬಾಯಿ ಬರುತ್ತಿರಲಿಲ್ಲ. ಅದು ಅವನ ಕೂಲಿಯೋ, ವಸೂಲಿಯೋ, ನನಗೆ ಇವತ್ತಿಗೂ ತಿಳಿದಿಲ್ಲ.

2025ರ ಮಳೆಗಾಲದಲ್ಲಿ ಒಂದು ಸಿಲಿಂಡರ್ 35 ದಿನಕ್ಕೇ ಮುಗಿಯಿತು. ನಮ್ಮನೆಯಲ್ಲಿ ಲೆಕ್ಕ 40 ದಿನ. ಮೊದಲು ನನ್ನನ್ನೇ ಅನುಮಾನಿಸಿದೆ. ಅತ್ತೆ ಬಂದಿದ್ದರು, ಬಿಸಿನೀರು ಜಾಸ್ತಿ ಕಾಯಿಸಿದ್ದೆ, ಕಾಳು ನೆನೆಸದೆ ಬೇಯಿಸಿದ್ದೆ. ತಪ್ಪು ನಮ್ಮದೇ ಎಂದುಕೊಂಡುಬಿಟ್ಟರೆ ಯಾರನ್ನೂ ಏನೂ ಕೇಳಬೇಕಾಗಿಲ್ಲ ನೋಡಿ. ಮುಂದಿನದೂ ಹಾಗೇ ಆಯಿತು. ಆಗ ಅತ್ತೆ ಊರಲ್ಲಿದ್ದರು.

ಎದುರು ಮನೆಯ ಆಂಟಿಯನ್ನು ಕೇಳಿದೆ. "ನಮ್ದೂ ಅಷ್ಟೇ ಕಣಮ್ಮ" ಎಂದರು, ಸೊಪ್ಪು ಬಿಡಿಸುತ್ತಾ, ತಲೆ ಎತ್ತದೆ. "ತೂಕ ಮಾಡ್ಸಿ ಅಂತ ಕೇಳೋಣ್ವಾ ಆಂಟಿ?" ಎಂದಾಗ ಮಾತ್ರ ಕೈ ನಿಂತಿತು. "ನೀರು ಬಿಡೋನು, ಕಸ ಎತ್ತೋನು, ಗ್ಯಾಸ್ ತರೋನು, ಈ ಮೂವರ ಹತ್ರ ಜಗಳ ಇಟ್ಕೋಬಾರ್ದು. ಹಬ್ಬದ ದಿನವೇ ಸಿಲಿಂಡರ್ ಬರಲ್ಲ, ಆಮೇಲೆ ನೋಡ್ಕೋ."

ನಮ್ಮೆಜಮಾನರು ಇನ್ನೂ ಸುಲಭ ಮಾಡಿದರು. "ಕಂಪ್ಲೇಂಟ್ ಬೇಕಾದ್ರೆ 1915ಕ್ಕೆ ಫೋನ್ ಮಾಡು, ಗ್ರಾಹಕರ ಸಹಾಯವಾಣಿ ಇದೆಯಲ್ಲ." ಇದೆ. ಆದರೆ ದೂರು ಕೊಟ್ಟರೆ ಗ್ರಾಹಕರ ಸಂಖ್ಯೆ ಕೊಡಬೇಕು, ವಿಳಾಸ ಕೊಡಬೇಕು. ಯಾರು ಹೇಳಿದ್ದು ಅಂತ ಏಜೆನ್ಸಿಯಿಂದ ಅವನಿಗೆ ಗೊತ್ತಾಗದೆ ಇರುತ್ತಾ? ಬಸ್ಸಿನಲ್ಲಿ ಕಾಲು ತುಳಿದವರ ಮೇಲೆ ನಾನು ಚೆನ್ನಾಗಿಯೇ ರೇಗುತ್ತೇನೆ. ಅವರ ಮುಖ ಮತ್ತೆ ನೋಡಬೇಕಾಗಿಲ್ಲವಲ್ಲ. ಇವನು ತಿಂಗಳಿಗೊಮ್ಮೆ ಬಾಗಿಲಿಗೆ ಬರುವವನು. ಮಗಳನ್ನು "ಪುಟ್ಟಿ, ಸ್ಕೂಲಿಲ್ವಾ?" ಅಂತ ಮಾತಾಡಿಸುವವನು.

ಆದರೂ ಮುಂದಿನ ಸಲ ಕೇಳಿಬಿಟ್ಟೆ. ಎರಡು ದಿನ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಿದ್ದೆ. ಬಾಯಿಂದ ಬಂದದ್ದು ಮಾತ್ರ, "ಸುಮ್ನೆ ಒಂದ್ಸಲ ತೂಕ ನೋಡೋಣ್ವಾ?" ಆ 'ಸುಮ್ನೆ' ಎಲ್ಲಿಂದ ಬಂತೋ!

ಅವನು ಒಂದು ಗಳಿಗೆ ನನ್ನ ಮುಖ ನೋಡಿದ. ತಕ್ಕಡಿ ಟೆಂಪೋದಲ್ಲಿದೆ ಎಂದು ಇಳಿದು ಹೋದ. ಗ್ರಾಹಕರು ಕೇಳಿದರೆ ತೂಗಿ ತೋರಿಸಬೇಕು, ಅದಕ್ಕೆ ತಕ್ಕಡಿ ಜೊತೆಗೇ ಇರಬೇಕು ಅನ್ನುವುದು ನಿಯಮ. ಹತ್ತು ನಿಮಿಷದ ಮೇಲೆ ಬಂದ. ಕೊಕ್ಕೆ ಇರುವ ಚಿಕ್ಕ ಡಿಜಿಟಲ್ ತಕ್ಕಡಿ, ಮೈಮೇಲೆಲ್ಲ ಧೂಳು.

ಸಿಲಿಂಡರಿನ ಮೇಲುಗಡೆ, ಹಿಡಿಯುವ ಬಳೆಯ ಕೆಳಗೆ ಪಟ್ಟಿಗಳಿರುತ್ತವಲ್ಲ, ಅದರಲ್ಲೊಂದರ ಮೇಲೆ ಖಾಲಿ ಸಿಲಿಂಡರಿನ ತೂಕ ಬರೆದಿರುತ್ತದೆ. ನಮ್ಮದರ ಮೇಲೆ 15.9 ಅಂತಿತ್ತು. ಅದಕ್ಕೆ ಗ್ಯಾಸಿನ 14.2 ಸೇರಿದರೆ 30.1 ಇರಬೇಕು. ಅವನು ಎರಡೂ ಕೈಯಲ್ಲಿ ಎತ್ತಿ ಹಿಡಿದ. ತಕ್ಕಡಿ 28.4 ತೋರಿಸಿತು. 1 ಕೆಜಿ 700 ಗ್ರಾಂ ಕಮ್ಮಿ. ಸೀಲ್ ನೋಡಿದರೆ ಸರಿಯಾಗೇ ಇತ್ತು.

"ಗೋಡೌನಿಂದ ಹೀಗೇ ಬಂದಿದೆ ಅಕ್ಕ. ನಾವು ಕೇಳಿದ್ರೆ ಬೇಕಾದ್ರೆ ತಗೊಂಡೋಗು ಅಂತಾರೆ" ಎಂದ. ನಿಜವೂ ಇರಬಹುದು. ಅವನೂ ಅಲ್ಲಿ ಸುಮ್ಮನಿರುವವನೇ ಏನೋ. ಜಗಳಕ್ಕೆ ಸಿದ್ಧಳಾಗಿ ನಿಂತಿದ್ದ ನನಗೆ ಜಗಳವೇ ಸಿಗಲಿಲ್ಲ. ಅದನ್ನು ಇಳಿಸಿಕೊಂಡು ಹೋಗಿ ಬೇರೆಯದು ತಂದ. ತೂಗಿದ. ಸರಿ ಇತ್ತು. ನಾನು 900 ಕೊಟ್ಟೆ. ಇಷ್ಟು ವರ್ಷದಲ್ಲಿ ಮೊದಲ ಸಲ ಅವನು ಚಿಲ್ಲರೆ ಎಣಿಸಿದ. ಎರಡು ಇಪ್ಪತ್ತರ ನೋಟು, ಎರಡು ರೂಪಾಯಿಯ ಎರಡು ನಾಣ್ಯ. ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟು ಹೊರಟ. "ಬರ್ತೀನಿ" ಅನ್ನಲಿಲ್ಲ.

ಗೆದ್ದ ಖುಷಿಯಲ್ಲಿ ಬಾಲ್ಕನಿಗೆ ಬಂದೆ. ಎದುರು ಮನೆ ಆಂಟಿಯನ್ನು ಕೂಗಿ ಹೇಳಬೇಕು ಅಂತಿತ್ತು. ಕೆಳಗೆ ಅವನು ಒಂದು ಸಿಲಿಂಡರನ್ನು ಅಂಚಿನ ಮೇಲೆ ಉರುಳಿಸಿಕೊಂಡು ಗ್ರೌಂಡ್ ಫ್ಲೋರಿನ ಅಜ್ಜಿಯ ಬಾಗಿಲಿಗೆ ಹೋಗುತ್ತಿದ್ದ. ಬುಡದಲ್ಲಿ ಬಣ್ಣ ಎದ್ದು ತುಕ್ಕು ಹಿಡಿದ ಬಳೆ, ಹೊಟ್ಟೆಯ ಮೇಲೊಂದು ತಗ್ಗು. ಈಗಷ್ಟೇ ನಮ್ಮ ಬಾಗಿಲಲ್ಲಿ ನೇತಾಡಿದ್ದೇ ಅದು. ಗುರುತು ಹಿಡಿಯದೆ ಇರುವ ಮಾತೇ ಇಲ್ಲ.

ಅವನು ತಲೆ ಎತ್ತಿ ನೋಡಿದ. ನಾನೂ ನೋಡಿದೆ. ಕುಕ್ಕರ್ ಕೂಗಿದ ಹಾಗಾಯಿತು. ಒಳಗೆ ಬಂದೆ. ಒಲೆ ಮೇಲೆ ಕುಕ್ಕರ್ ಇರಲಿಲ್ಲ.

ಆಮೇಲೆ ಒಂದು ದಿನ ಅಜ್ಜಿ ಮೆಟ್ಟಿಲ ಹತ್ತಿರ ಸಿಕ್ಕರು. ಒಬ್ಬರೇ ಇರುವವರು, ಅವರಿಗೆ ಒಂದು ಸಿಲಿಂಡರ್ ಮೂರು ತಿಂಗಳು ಬರುತ್ತದೆ.

"ಈ ಸಲ ಗ್ಯಾಸ್ ಬೇಗ ಮುಗೀತಮ್ಮ. ವಯಸ್ಸಾಯ್ತಲ್ಲ, ಒಲೆ ಆರಿಸೋದು ಮರೀತೀನೋ ಏನೋ" ಎಂದರು.

"ಇರಬಹುದು ಅಜ್ಜಿ" ಎಂದೆ.