ಸ್ಪೈನಲ್ ಕೊಟ್ಟ ಮೇಲೂ ಕಿವಿ ಕೇಳಿಸುತ್ತಿರುತ್ತೆ

ನಾನು ಅರಿವಳಿಕೆ ವೈದ್ಯೆ. ಒಂದೇ ಆಸ್ಪತ್ರೆಯ ಕೆಲಸ ಅಲ್ಲ ನನ್ನದು. ಬೆಳಿಗ್ಗೆ ರಾಜಾಜಿನಗರದಲ್ಲಿ ಸಿಸೇರಿಯನ್, ಮಧ್ಯಾಹ್ನ ವಿಜಯನಗರದಲ್ಲಿ ಹರ್ನಿಯಾ, ಟ್ರಾಫಿಕ್ ಕರುಣೆ ತೋರಿದರೆ ಸಂಜೆ ಜಯನಗರದಲ್ಲಿ ಮಂಡಿ ಆಪರೇಷನ್. ಬೆಂಗಳೂರಿನ ಎಷ್ಟೋ ಸಣ್ಣ ನರ್ಸಿಂಗ್ ಹೋಂಗಳಿಗೆ ನಮ್ಮಂಥ ಓಡಾಡುವ ಅನಸ್ತೇಷಿಯಾದವರೇ ಆಸರೆ. ಪೇಷಂಟ್ ಜೊತೆ ಕೂತು ಮಾತಾಡಲು ಸಿಗುವ ಸಮಯ ಬಹಳ ಕಮ್ಮಿ. ಅಷ್ಟರಲ್ಲೇ ಹಿಪ್ನಾಸಿಸ್‌ನಿಂದ ಏನು ಮಾಡಬಹುದು ಎಂದು ಕೆಲಸ ಮಾಡುತ್ತಾ ತಿಳಿದುಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮುಖ್ಯವಾಗಿ ಹೊಸದಾಗಿ ಈ ಕೆಲಸಕ್ಕೆ ಬಂದವರಿಗಾಗಿ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಔಷಧಿ ಬಿಟ್ಟು ಬರೀ ಹಿಪ್ನಾಸಿಸ್ ಅಂತ ನಾನು ಯಾವತ್ತೂ ಮಾಡುವುದಿಲ್ಲ. ಸ್ಪೈನಲ್, ಅಂದರೆ ಬೆನ್ನಿಗೆ ಅರಿವಳಿಕೆ ಇಂಜೆಕ್ಷನ್, ಕೊಡುತ್ತೇನೆ, ಮಾನಿಟರ್ ಹಾಕುತ್ತೇನೆ, ಬೇಕಾದ ಔಷಧಿಯೆಲ್ಲ ಸಿರಿಂಜಿಗೆ ಎಳೆದು ಲೇಬಲ್ ಅಂಟಿಸಿ ಇಟ್ಟಿರುತ್ತೇನೆ. ಇದು ಅದರ ಜೊತೆಗೆ.

ಸ್ಪೈನಲ್ ಕೊಟ್ಟರೆ ಸೊಂಟದ ಕೆಳಗೆ ನೋವು ಗೊತ್ತಾಗುವುದಿಲ್ಲ. ಆದರೆ ಎಚ್ಚರ ಇರುತ್ತದೆ. ಮಂಡಿ ಬದಲಾಯಿಸುವ ಆಪರೇಷನ್ ಆದರೆ ಗರಗಸದ ಸದ್ದು, ಡ್ರಿಲ್ ಸದ್ದು, ಸುತ್ತಿಗೆಯ ಏಟು ಎಲ್ಲ ಕಿವಿಗೆ ಬೀಳುತ್ತದೆ. ಯಾರೋ ಕಾಲು ಎಳೆದಾಡುತ್ತಿದ್ದಾರೆ ಅನ್ನುವುದೂ ತಿಳಿಯುತ್ತದೆ. ನೋವಿಲ್ಲದಿದ್ದರೂ ಜೀವ ಬಾಯಿಗೆ ಬಂದಿರುತ್ತದೆ. ಸಾಮಾನ್ಯವಾಗಿ ನಾವು ಮಿಡಜೋಲಮ್ ಕೊಟ್ಟು ಮಂಪರು ಬರಿಸುತ್ತೇವೆ. ವಯಸ್ಸಾದವರಿಗೆ, ಜೋರಾಗಿ ಗೊರಕೆ ಹೊಡೆಯುವವರಿಗೆ ಅದು ಸ್ವಲ್ಪ ಜಾಸ್ತಿಯಾದರೂ ಉಸಿರಾಟಕ್ಕೆ ತೊಂದರೆ. ಕೆಲವರು ಆಪರೇಷನ್ ಮುಗಿದ ಮೇಲೆ ಗಂಟೆಗಟ್ಟಲೆ ಏನೇನೋ ಮಾತಾಡುತ್ತಾರೆ. ಮಂಡಿ ಬದಲಾಯಿಸಿಕೊಳ್ಳಲು ಬರುವವರೇ ವಯಸ್ಸಾದವರು, ಅಲ್ವಾ? ಹಿಪ್ನಾಸಿಸ್ ನನಗೆ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಇಂಥವರ ಹತ್ತಿರವೇ.

ಇದು ನಿದ್ದೆ ಅಲ್ಲ. ಪ್ರಜ್ಞೆ ತಪ್ಪಿಸುವುದೂ ಅಲ್ಲ. ಕ್ರಿಕೆಟ್ಟಿನ ಕೊನೇ ಓವರ್ ನೋಡುತ್ತಾ ಕೂತವರಿಗೆ ಅಡುಗೆಮನೆಯಿಂದ ಕರೆದದ್ದು ಕೇಳಿಸುವುದಿಲ್ಲ. ಅಷ್ಟೇ ಗಾಢವಾದ ಗಮನವನ್ನು ಬೇಕೆಂದೇ ತಂದುಕೊಳ್ಳುವುದು ಇದು. ತಂದುಕೊಳ್ಳುವವರು ಪೇಷಂಟ್. ನಾನು ದಾರಿ ತೋರಿಸುತ್ತೇನೆ ಅಷ್ಟೇ.

"ವಶೀಕರಣನಾ ಮೇಡಂ?" ಅಂತ ಕೇಳುವವರು ಇದ್ದೇ ಇರುತ್ತಾರೆ. ಲೈಟ್ ಕಂಬದ ಮೇಲೆ ಅಂಟಿಸಿರುವ ಚೀಟಿಗಳ ಕೃಪೆ. "ಯಾವಾಗ ಬೇಕಾದ್ರೂ ಕಣ್ಣು ಬಿಡಬಹುದು, ಮೂಗು ತುರಿಸಿದ್ರೆ ಹೇಳಬಹುದು, ನಿಮ್ಮ ಎಟಿಎಂ ಪಿನ್ ನಂಗೆ ಬೇಡ" ಅನ್ನುತ್ತೇನೆ. ನಗುತ್ತಾರೆ. ನಕ್ಕರೆ ಅರ್ಧ ಕೆಲಸ ಆದಂತೆ. ಇನ್ನು ಕೆಲವರಿಗೆ ಟಿವಿಯಲ್ಲಿ ನೋಡಿದ ನಾರ್ಕೋ ಟೆಸ್ಟ್ ನೆನಪು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಅಲ್ಲಿ ಕೊಡುವುದು ಥಯೋಪೆಂಟೋನ್, ನಮ್ಮದೇ ಹಳೇ ಅರಿವಳಿಕೆ ಔಷಧಿ. ಒಪ್ಪಿಗೆ ಇಲ್ಲದೆ ಆ ಟೆಸ್ಟ್ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿತು. ಕರ್ನಾಟಕದ್ದೇ ಕೇಸ್ ಅದು, ಸೆಲ್ವಿ ಕೇಸ್. ಹಿಪ್ನಾಸಿಸ್‌ನಲ್ಲಿ ಬರುವ ನೆನಪುಗಳನ್ನೂ ನಂಬಲಾಗುವುದಿಲ್ಲ. ನಡೆಯದೇ ಇದ್ದದ್ದು ನಡೆದಂತೆ ಅನ್ನಿಸಿಬಿಡಬಹುದು. ಹಾಗಾಗಿ ಓಟಿಯಲ್ಲಿ (ಆಪರೇಷನ್ ಥಿಯೇಟರ್‌ನಲ್ಲಿ) ಯಾರ ಹಳೇ ಕಥೆಯನ್ನೂ ನಾನು ಕೆದಕುವುದಿಲ್ಲ.

ನನಗೆ ತರಬೇತಿಯಲ್ಲಿ ಕಲಿಸಿದ್ದು ಸಮುದ್ರ ತೀರ. ಬಿಳಿ ಮರಳು, ಅಲೆ, ತಂಗಾಳಿ. ಬೆಂಗಳೂರಿನ ನರ್ಸಿಂಗ್ ಹೋಂನಲ್ಲಿ ಆ ಮರಳು ಜಾಸ್ತಿ ದಿನ ಬಾಳಲಿಲ್ಲ. ಒಬ್ಬಮ್ಮ ನೇರವಾಗಿ ಹೇಳಿದರು, "ನಾನು ಸಮುದ್ರಾನೇ ನೋಡಿಲ್ಲ ಕಣಮ್ಮ." ಇನ್ನೊಬ್ಬರಿಗೆ ನೀರು ಕಂಡರೇ ಭಯ. ಆಮೇಲೆ ಹಿಂದಿನ ದಿನ ಚೆಕಪ್‌ಗೆ ಹೋದಾಗಲೇ ಕೇಳಿಕೊಂಡು ಬರತೊಡಗಿದೆ: "ನಾಳೆ ಆ ಹೊತ್ತಲ್ಲಿ ನೀವು ಎಲ್ಲಿರ್ಬೇಕು ಅನ್ಸುತ್ತೆ?" ಉತ್ತರಗಳು ಸೊಗಸಾಗಿರುತ್ತವೆ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟ. ಕೋಲಾರದ ಕಡೆ ಹೊಲದಲ್ಲಿ ಹುಣಸೆ ಮರದ ನೆರಳು. ಹಬ್ಬದ ಹಿಂದಿನ ದಿನ ಗಾಂಧಿ ಬಜಾರ್‌ನಲ್ಲಿ ಹೂವು ಚೌಕಾಸಿ ಮಾಡುವುದು. ಇಷ್ಟು ಗದ್ದಲದ ಜಾಗದಲ್ಲಿ ನೆಮ್ಮದಿ ಹೇಗೆ ಅಂತ ನನಗೆ ಅನುಮಾನ ಇತ್ತು. ಆಕೆಗೆ ಅದೇ ಸರಿಹೋಯಿತು. ಕನಕಾಂಬರ ಕೊಳ್ಳುತ್ತಾ ಆಪರೇಷನ್ ಮುಗಿಸಿದರು.

ನನಗೆ ತುಂಬ ಕಲಿಸಿದವರು ಒಬ್ಬರು ನಿವೃತ್ತ ಬಸ್ ಡ್ರೈವರ್. ಅವರಿಗೆ ತೋಟ ಬೇಡ, ಬೆಟ್ಟ ಬೇಡ. ಬೆಳಗಿನ ಜಾವ ಖಾಲಿ ರಿಂಗ್ ರೋಡಿನಲ್ಲಿ ಮೊದಲ ಟ್ರಿಪ್ ಓಡಿಸಬೇಕು. ಆಯ್ತು ಎಂದೆ. ಸ್ಟೇರಿಂಗ್ ಹೇಗಿದೆ, ಗಾಳಿ ಯಾವ ಕಡೆಯಿಂದ ಬರುತ್ತಿದೆ, ಸ್ಟಾಪಿನಲ್ಲಿ ಯಾರಾದರೂ ಇದ್ದಾರಾ ಎಂದು ಒಂದೊಂದೇ ಕೇಳಿದೆ. ಕಣ್ಣು ಮುಚ್ಚಿಕೊಂಡೇ ಉತ್ತರ ಕೊಟ್ಟರು. ಡ್ರಿಲ್ ಶುರುವಾದಾಗ "ಸರ್, ಪಕ್ಕದಲ್ಲಿ ಲಾರಿ ಹೋಗ್ತಿದೆ, ಹೋಗ್ಲಿ ಬಿಡಿ" ಎಂದೆ. ಸುತ್ತಿಗೆ ಬಿದ್ದಾಗ, "ಹಂಪ್ ಬಂತು, ನಿಧಾನ." ಅವರ ಬಲಗಾಲಿಗೆ ಸ್ಪೈನಲ್ ಹಿಡಿದಿತ್ತು, ಬ್ರೇಕ್ ಒತ್ತಲು ಆಗುವಂತಿರಲಿಲ್ಲ. ಆದರೆ ಮುಖದಲ್ಲಿ ಬ್ರೇಕ್ ಒತ್ತಿದ್ದು ಕಂಡಿತು. ಬಿಪಿ ಏರಲಿಲ್ಲ. ಮಿಡಜೋಲಮ್ ಸಿರಿಂಜಿನಲ್ಲೇ ಉಳಿಯಿತು. ಓಟಿಯ ಸದ್ದನ್ನು ಮುಚ್ಚಿಡಲು ಒದ್ದಾಡುವುದಕ್ಕಿಂತ ಅದಕ್ಕೂ ಕಥೆಯಲ್ಲಿ ಒಂದು ಜಾಗ ಕೊಡುವುದು ಸುಲಭ. ರಕ್ತ ನಿಲ್ಲಿಸಲು ಸುಡುವ ಕಾಟರಿಯ ವಾಸನೆಗೆ ಮಾತ್ರ ನನಗೆ ಇನ್ನೂ ಒಳ್ಳೆಯ ಜಾಗ ಸಿಕ್ಕಿಲ್ಲ.

ಇದರ ಹಿಂದೆ ಆಧಾರ ಏನು? ಎಲ್ವಿರಾ ಲ್ಯಾಂಗ್ ಎಂಬ ರೇಡಿಯಾಲಜಿಸ್ಟ್ ಮತ್ತು ಸಂಗಡಿಗರು 2000ದಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ರಕ್ತನಾಳ ಮತ್ತು ಕಿಡ್ನಿಗೆ ಕೊಳವೆ ಹಾಕುವಂಥ ಚಿಕಿತ್ಸೆಗೆ ಎಚ್ಚರವಾಗಿಯೇ ಮಲಗಿದ್ದ 241 ಪೇಷಂಟ್‌ಗಳು. ಹಿಪ್ನಾಸಿಸ್ ಗುಂಪಿನವರು ಕಮ್ಮಿ ಔಷಧಿ ಕೇಳಿದರು. ಸರಾಸರಿ 78 ನಿಮಿಷ ಹಿಡಿಯುತ್ತಿದ್ದ ಕೆಲಸ 61 ನಿಮಿಷದಲ್ಲಿ ಮುಗಿಯಿತು. ಸರ್ಜನ್‌ಗಳಿಗೆ ಬೇರೆ ಏನು ಹೇಳಿದರೂ ಕಿವಿಗೆ ಹೋಗುವುದಿಲ್ಲ, ಈ ನಿಮಿಷದ ಲೆಕ್ಕ ಹೇಳಿದರೆ ತಿರುಗಿ ನೋಡುತ್ತಾರೆ. ಬೆಲ್ಜಿಯಂನ ಲಿಯೇಜ್‌ನಲ್ಲಿ 1992ರಿಂದಲೂ ಥೈರಾಯ್ಡ್‌ನಂಥ ಆಪರೇಷನ್‌ಗಳನ್ನು ಆ ಜಾಗಕ್ಕಷ್ಟೇ ಅರಿವಳಿಕೆ, ಸ್ವಲ್ಪ ಮಂಪರು ಮತ್ತು ಹಿಪ್ನಾಸಿಸ್ ಸೇರಿಸಿ ಮಾಡುತ್ತಿದ್ದಾರೆ.

ಮೆದುಳಿನಲ್ಲಿ ಏನಾಗುತ್ತದೆ ಅನ್ನುವುದಕ್ಕೆ ಪಿಯರ್ ರೇನ್‌ವಿಲ್ ಮತ್ತು ಜೊತೆಯವರು 1997ರಲ್ಲಿ ಮಾಡಿದ ಪ್ರಯೋಗ ನನಗೆ ಇಷ್ಟ. ನೋವಾಗುವಷ್ಟು ಬಿಸಿ ನೀರಿನಲ್ಲಿ ಕೈ ಇಡಿಸಿ, ಹಿಪ್ನಾಸಿಸ್‌ನಲ್ಲಿ ನೋವಿನ ಹಿಂಸೆ ಒಮ್ಮೆ ಹೆಚ್ಚಾಗುವಂತೆ, ಒಮ್ಮೆ ಕಮ್ಮಿಯಾಗುವಂತೆ ಮಾತು ಹೇಳಿದರು. ನೋವು ಎಲ್ಲಿ, ಎಷ್ಟು ಎಂದು ಗುರುತಿಸುವ ಮೆದುಳಿನ ಭಾಗ ಹೆಚ್ಚು ಬದಲಾಗಲಿಲ್ಲ. ಹಿಂಸೆಗೆ ಸಂಬಂಧಪಟ್ಟ ಸಿಂಗ್ಯುಲೇಟ್ ಭಾಗ ಬದಲಾಯಿತು. "ನೋವು ಗೊತ್ತಾಗ್ತಿತ್ತು ಡಾಕ್ಟ್ರೇ, ಆದ್ರೆ ತಲೆ ಕೆಡಿಸ್ಕೊಳ್ಲಿಲ್ಲ" ಅಂತ ಪೇಷಂಟ್‌ಗಳು ಹೇಳುವುದೂ ಇದನ್ನೇ.

ಎಲ್ಲ ಅಧ್ಯಯನವೂ ಹೀಗೆ ಸಿಹಿಯಾಗಿಲ್ಲ. ಸ್ತನ ಆಪರೇಷನ್‌ಗೆ ಮುಂಚೆ 15 ನಿಮಿಷ ಹಿಪ್ನಾಸಿಸ್ ಮಾಡಿದರೆ ಆಮೇಲೆ ನೋವು, ವಾಕರಿಕೆ, ಸುಸ್ತು ಕಮ್ಮಿ ಎಂದು 2007ರಲ್ಲಿ ಅಮೆರಿಕದಲ್ಲಿ 200 ಮಹಿಳೆಯರ ಅಧ್ಯಯನ ತೋರಿಸಿತು. 2018ರಲ್ಲಿ ಫ್ರಾನ್ಸ್‌ನಲ್ಲಿ 150 ಮಹಿಳೆಯರಲ್ಲಿ ಅಂಥದ್ದೇ ಪರೀಕ್ಷೆ ಮಾಡಿದಾಗ ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ, ಸುಸ್ತು ಕಮ್ಮಿಯಾಗಿತ್ತು. ಹಾಗಾಗಿ ನಾನು ಯಾರಿಗೂ ಗ್ಯಾರಂಟಿ ಕೊಡುವುದಿಲ್ಲ. ಜನರಲ್ಲೂ ಫರಕು ಇದೆ. ಕೆಲವರು ಎರಡು ಮಾತಿಗೆ ಒಳಗೆ ಇಳಿಯುತ್ತಾರೆ, ಕೆಲವರು ಏನು ಮಾಡಿದರೂ ಸೀಲಿಂಗ್ ನೋಡುತ್ತಾ ಮಲಗಿರುತ್ತಾರೆ. ಇದನ್ನು ಅಳೆಯಲು ಸ್ಟ್ಯಾನ್‌ಫೋರ್ಡ್‌ನವರು 1959ರಲ್ಲೇ ಅಳತೆಗೋಲು ಮಾಡಿದ್ದಾರೆ. ಇಚ್ಛಾಶಕ್ತಿಗೂ ಬುದ್ಧಿಗೂ ಇದಕ್ಕೂ ನಂಟಿಲ್ಲ. ಆಗದಿದ್ದರೆ ಪೇಷಂಟ್ ಮೇಲೆ ತಪ್ಪು ಹೊರಿಸಬೇಡಿ.

ಬಂಗಾಳದ ಹೂಗ್ಲಿಯಲ್ಲಿ 1845ರಲ್ಲಿ ಜೇಮ್ಸ್ ಎಸ್‌ಡೇಲ್ ಎಂಬ ಸ್ಕಾಟ್ಲೆಂಡಿನ ಸರ್ಜನ್ ಹಿಪ್ನಾಸಿಸ್‌ನ ಹಳೇ ರೂಪವಾದ ಮೆಸ್ಮರಿಸಂ ಒಂದನ್ನೇ ನಂಬಿ ದೊಡ್ಡ ದೊಡ್ಡ ಗಡ್ಡೆ ತೆಗೆಯುತ್ತಿದ್ದ. ಆಗ ಬೇರೆ ದಾರಿಯೇ ಇರಲಿಲ್ಲ. 1846ರಲ್ಲಿ ಈಥರ್, 1847ರಲ್ಲಿ ಕ್ಲೋರೋಫಾರ್ಮ್ ಬಂತು. ನಿಮಿಷಗಳಲ್ಲಿ, ಎಲ್ಲರಿಗೂ ಕೆಲಸ ಮಾಡುವ ಔಷಧಿ ಬಂದ ಮೇಲೆ ಗಂಟೆಗಟ್ಟಲೆ ಕೈಯಾಡಿಸುವ ವಿದ್ಯೆ ಮೂಲೆ ಸೇರಿತು. ಅನಸ್ತೇಷಿಯಾದವಳಾಗಿ ನನಗೆ ಅದರಲ್ಲಿ ಬೇಸರವೇನೂ ಇಲ್ಲ.

ಹಿಪ್ನಾಸಿಸ್ ಮಾಡದಿದ್ದರೂ ನಾವೆಲ್ಲ ದಿನಾ ಪೇಷಂಟ್ ತಲೆಯೊಳಗೆ ಏನೋ ಹಾಕುತ್ತಲೇ ಇರುತ್ತೇವೆ. "ಸ್ವಲ್ಪ ನೋವಾಗುತ್ತೆ, ತಡ್ಕೊಳ್ಳಿ." "ಇರುವೆ ಕಚ್ಚಿದ ಹಾಗೆ ಆಗುತ್ತೆ." ಇಂಥ ಮುನ್ನೆಚ್ಚರಿಕೆ ಕೊಟ್ಟರೆ ನೋವು, ಆತಂಕ ಜಾಸ್ತಿಯಾಗುತ್ತದೆ ಎಂದು ಲ್ಯಾಂಗ್ ಅವರೇ 2005ರಲ್ಲಿ ತೋರಿಸಿದರು. ಹಾಗಂತ "ಏನೂ ಆಗಲ್ಲ" ಅಂತ ಸುಳ್ಳು ಹೇಳಿದರೆ ಸೂಜಿ ಚುಚ್ಚಿದ ಕೂಡಲೇ ನಂಬಿಕೆ ಹೋಗುತ್ತದೆ. ಅಪಾಯಗಳನ್ನೆಲ್ಲ ಹಿಂದಿನ ದಿನ ಒಪ್ಪಿಗೆ ಪತ್ರದ ಹೊತ್ತಿನಲ್ಲಿ ಬಿಡಿಸಿ ಹೇಳುತ್ತೇನೆ. ಟೇಬಲ್ ಮೇಲೆ ಮಾತ್ರ, "ಬೆನ್ನಿಗೆ ತಣ್ಣಗೆ ಹಚ್ತೀನಿ. ಈಗ ಮರಗಟ್ಟಿಸೋ ಇಂಜೆಕ್ಷನ್. ಉದ್ದಕ್ಕೆ ಉಸಿರು ಬಿಡಿ, ಭುಜ ಕೆಳಗೆ ಬಿಡಿ." ಅಷ್ಟೇ.

ಪೂರ್ತಿ ಪ್ರಜ್ಞೆ ತಪ್ಪಿಸಿದವರ ಮುಂದೆಯೂ ಬಾಯಿ ಬಿಗಿ ಹಿಡಿಯಬೇಕು. ಜರ್ಮನಿಯ ಐದು ಆಸ್ಪತ್ರೆಗಳಲ್ಲಿ ಜನರಲ್ ಅನಸ್ತೇಷಿಯಾದಲ್ಲಿದ್ದವರಿಗೆ ಇಯರ್‌ಫೋನ್‌ನಲ್ಲಿ ಸಂಗೀತ ಮತ್ತು ಧೈರ್ಯದ ಮಾತು ಕೇಳಿಸಿದರು. 385 ಪೇಷಂಟ್‌ಗಳ ಆ ಅಧ್ಯಯನ 2020ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಕೇಳಿಸಿಕೊಂಡವರಿಗೆ ಎದ್ದ ಮೇಲೆ ನೋವೂ ಕಮ್ಮಿ, ನೋವಿನ ಔಷಧಿಯೂ ಕಮ್ಮಿ ಸಾಕಾಯಿತು. ನಮ್ಮ ಓಟಿಗಳಲ್ಲಿ ಆಗ ಕೇಳಿಸುವುದು ಸೈಟ್ ರೇಟು ಮತ್ತು ಮೊಬೈಲ್ ರಿಂಗ್‌ಟೋನು.

ನಾನು ಇದನ್ನು ಮಾಡುತ್ತೇನೆ ಎಂದು ಗೊತ್ತಾದ ಮೇಲೆ ಸಿಗರೇಟು ಬಿಡಿಸಿ, ಶುಗರ್ ಇಳಿಸಿ ಎಂದು ಬರುವವರಿದ್ದಾರೆ. ಸಿಗರೇಟಿಗೆ ಗಟ್ಟಿ ಪುರಾವೆ ಇಲ್ಲ. ಶುಗರ್‌ಗೆ ಮಾತ್ರೆ ಬಿಡಬೇಡಿ. ಔಷಧಿಗೆ ಬಗ್ಗದ ಐಬಿಎಸ್ ಹೊಟ್ಟೆ ತೊಂದರೆಗೆ ಮಾತ್ರ ಒಳ್ಳೆಯ ಆಧಾರ ಇದೆ. ಪೀಟರ್ ವೋರ್‌ವೆಲ್ ಅವರ ಅಧ್ಯಯನ 1984ರದ್ದು, ಬ್ರಿಟನ್ನಿನ ಸರ್ಕಾರಿ ಮಾರ್ಗಸೂಚಿಯಲ್ಲೂ ಅದಕ್ಕೆ ಜಾಗ ಇದೆ. ಆದರೆ ಅದು ವಾರಗಟ್ಟಲೆ ಕೂತು ಮಾಡುವ ಕೆಲಸ, ನನ್ನದಲ್ಲ. ತರಬೇತಿ ಪಡೆದ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಕಳಿಸುತ್ತೇನೆ. ಇಲ್ಲದ ದನಿ ಕೇಳಿಸುವಂಥ ಮಾನಸಿಕ ಕಾಯಿಲೆ ಇದ್ದವರಿಗೆ ಓಟಿಯಲ್ಲೂ ನಾನು ಇದನ್ನು ಮಾಡುವುದಿಲ್ಲ. ವಾರಾಂತ್ಯದ ಸರ್ಟಿಫಿಕೇಟ್ ಹಿಡಿದು ಹಳೇ ಆಘಾತಗಳಿಗೆ ಕೈ ಹಾಕುವವರನ್ನು ಕಂಡರೆ ನನಗೆ ಗಾಬರಿಯಾಗುತ್ತದೆ.

ಶುರು ಮಾಡಬೇಕು ಅನ್ನಿಸಿದರೆ ಸರಿಯಾಗಿ ಕಲಿತು, ವಾರ್ಡಿನಲ್ಲಿ ಡ್ರಿಪ್‌ಗೆ ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ಹಾಕುವಾಗಿನಿಂದ ಶುರು ಮಾಡಿ. ಮಂಡಿ ಆಪರೇಷನ್ ಆಮೇಲೆ. ಪೇಷಂಟ್‌ಗೆ ಹತ್ತಿರವಾದ ಭಾಷೆಯಲ್ಲೇ ಮಾತಾಡಿ, ತಮಿಳೋ ತೆಲುಗೋ ಆದರೆ ಆ ಭಾಷೆ ಬರುವ ಸಿಸ್ಟರ್‌ನ ಪಕ್ಕಕ್ಕೆ ಕರೆದುಕೊಳ್ಳಿ. ಯಾರು ಮಾತಾಡುತ್ತಾರೆ ಎಂದು ಮೊದಲೇ ತೀರ್ಮಾನ ಮಾಡಿಕೊಳ್ಳಿ. ಇಬ್ಬರು ಒಟ್ಟಿಗೆ ಧೈರ್ಯ ಹೇಳಿದರೆ ಯಾರದ್ದೂ ತಲೆಗೆ ಹೋಗುವುದಿಲ್ಲ.