ಪಾಲಿಶಿಂಗ್ ಪ್ಯಾಡ್ ಊದಲು ಪೇಂಟ್ ಬಕೆಟ್: ಕೆಲಸ ಎಲ್ಲಿಗೆ ಬಂತು

ಕಾರು ಪಾಲಿಶ್ ಮಾಡುವ ಮಷಿನ್ನಿನ ಪ್ಯಾಡನ್ನು ಗಾಳಿ ಊದಿ ಶುಚಿ ಮಾಡಲು, ಎದ್ದ ಪುಡಿ ಹರಡದಂತೆ ಹಿಡಿಯಲು ಒಂದು ಪೇಂಟ್ ಬಕೆಟ್ ಸಜ್ಜು ಮಾಡುತ್ತಿದ್ದೇವೆ. ಗಾಳಿ ಲೈನ್ ಮುಗಿದಿದೆ. ಬಕೆಟ್ ಮುಕ್ಕಾಲು ಪಾಲು ಆಗಿದೆ. ಫೋಮ್ ಮತ್ತು ಮೈಕ್ರೋಫೈಬರ್ ಪ್ಯಾಡಿಗೆ ಎಷ್ಟು ಒತ್ತಡ, ಯಾವ ಕೋನ ಅನ್ನುವುದು ತೀರ್ಮಾನವಾಗಿದೆ. ವೂಲ್ (ಉಣ್ಣೆ) ಪ್ಯಾಡ್ ಇನ್ನೂ ಸತಾಯಿಸುತ್ತಿದೆ.

ಬಾನೆಟ್ ಮೇಲೆ ಎರಡಡಿ ಚೌಕದ ಒಂದು ಭಾಗ ಮುಗಿದ ಕೂಡಲೇ ಪ್ಯಾಡಿನಲ್ಲಿ ಕೂತ ಮಡ್ಡಿಯನ್ನು ಗಾಳಿಯಿಂದ ಹೊರಹಾಕಬೇಕು. ಮಡ್ಡಿ ಎಂದರೆ ಸವೆದ ಪಾಲಿಶ್, ಜೊತೆಗೆ ಕಿತ್ತುಬಂದ ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಪುಡಿ. ಅದು ಅಲ್ಲೇ ಉಳಿದರೆ ಪ್ಯಾಡ್ ಬೇಗ ಕಾಯುತ್ತದೆ, ಕಟ್, ಅಂದರೆ ಗೀರು ಸವೆಸುವ ಶಕ್ತಿ, ಕಡಿಮೆಯಾಗುತ್ತದೆ, ಮೆತ್ತನೆ ಪೇಂಟಿನ ಮೇಲೆ ಹೊಸ ಗೀರು ಬೀಳುತ್ತದೆ. ಬ್ರಷ್ ಮೇಲ್ಮೈಯನ್ನಷ್ಟೇ ಕೆರೆಯುತ್ತದೆ. ಗಾಳಿ ರಂಧ್ರದೊಳಗಿನದನ್ನೂ ಎಬ್ಬಿಸುತ್ತದೆ. ಆದರೆ ಎದ್ದ ಪುಡಿ ಎಲ್ಲಾದರೂ ಹೋಗಿ ಕೂರಲೇಬೇಕಲ್ಲ, ಈಗಷ್ಟೇ ಒರೆಸಿದ ಪ್ಯಾನೆಲ್ ಮೇಲೆ ಕೂರುತ್ತದೆ. ಬಕೆಟ್ ಬೇಕಾಗಿದ್ದು ಅದಕ್ಕೇ.

ಗಾಳಿ ಲೈನ್

24 ಲೀಟರ್ ಟ್ಯಾಂಕಿನ ಸಣ್ಣ ಕಂಪ್ರೆಸರ್ ಸಾಕು. ಟ್ಯಾಂಕ್ 8 ಬಾರ್‌ನಿಂದ 5.5 ಬಾರ್‌ಗೆ ಇಳಿಯುವಷ್ಟರಲ್ಲಿ ಸುಮಾರು 60 ಲೀಟರ್ ಗಾಳಿ ಸಿಗುತ್ತದೆ. 2 ಮಿ.ಮೀ. ನಳಿಕೆಯ ಬ್ಲೋ ಗನ್ 4 ಬಾರ್‌ನಲ್ಲಿ, ಅಂದರೆ 60 ಪಿಎಸ್‌ಐ ಆಸುಪಾಸಿನಲ್ಲಿ, ನಿಮಿಷಕ್ಕೆ 160-170 ಲೀಟರ್ ಕುಡಿಯುತ್ತದೆ. ಅಂದರೆ ಕಂಪ್ರೆಸರ್ ಮೋಟಾರ್ ಮತ್ತೆ ಶುರುವಾಗುವ ಮೊದಲು 20 ಸೆಕೆಂಡಿನಷ್ಟು ಊದಬಹುದು. ಒಂದು ಫೋಮ್ ಪ್ಯಾಡಿಗೆ ಬೇಕಾಗುವುದು ಎಂಟು-ಹತ್ತು ಸೆಕೆಂಡ್. ಕಂಪ್ರೆಸರ್ ಡಬ್ಬದ ಮೇಲೆ ಬರೆದ ಎಲ್‌ಪಿಎಂ (ನಿಮಿಷಕ್ಕೆ ಲೀಟರ್) ಸಂಖ್ಯೆಯನ್ನು ನಂಬಿ ಲೆಕ್ಕ ಹಾಕಬಾರದು, ಅದು ಪಿಸ್ಟನ್ ಎಳೆದುಕೊಳ್ಳುವ ಗಾಳಿ; ಹೊರಗೆ ಸಿಗುವುದು ಅದಕ್ಕಿಂತ ಕಡಿಮೆ.

ಒತ್ತಡಕ್ಕಿಂತ ತಲೆನೋವು ನೀರಿನದು. ಮಳೆಗಾಲದಲ್ಲಿ 25 ಡಿಗ್ರಿಯ ಗಾಳಿಯಲ್ಲಿ ಘನ ಮೀಟರಿಗೆ 20 ಗ್ರಾಂ ತೇವ ಇರುತ್ತದೆ. ನಿಮಿಷಕ್ಕೆ 100 ಲೀಟರ್ ಒಳಗೆಳೆಯುವ ಕಂಪ್ರೆಸರ್ ಒಂದು ಗಂಟೆ ಪೂರ್ತಿ ಓಡಿದರೆ ಟ್ಯಾಂಕಿನ ತಳದಲ್ಲಿ ಹೆಚ್ಚುಕಡಿಮೆ ಒಂದು ಲೋಟ ಟೀಯಷ್ಟು ನೀರು, ಅದೂ ತುಕ್ಕಿನ ಬಣ್ಣದ್ದು. ಅದು ಗನ್‌ನಿಂದ ಸಿಡಿದರೆ ಪ್ಯಾಡ್ ಮೇಲಿನ ಒಣ ಪುಡಿ ಮತ್ತೆ ಗಂಜಿಯಾಗುತ್ತದೆ. ಹಾಗಾಗಿ ಒತ್ತಡ ಹೊಂದಿಸುವ ರೆಗ್ಯುಲೇಟರಿಗೆ ಮುಂಚೆ ನೀರು ಬೇರ್ಪಡಿಸುವ ವಾಟರ್ ಸೆಪರೇಟರ್, ಕೆಲಸ ಮುಗಿದಾಗಲೆಲ್ಲ ಟ್ಯಾಂಕಿನ ತಳದ ಡ್ರೈನ್ ಕಾಕ್ ಬಿಚ್ಚುವುದು. ಸೆಪರೇಟರನ್ನು ಟ್ಯಾಂಕಿಗೇ ಅಂಟಿಸಿ ಕೂರಿಸಿದರೆ ಪ್ರಯೋಜನ ಕಡಿಮೆ. ಗಾಳಿ ಇನ್ನೂ ಬಿಸಿಯಿರುವಾಗ ತೇವ ಆವಿಯಾಗಿಯೇ ದಾಟಿಹೋಗುತ್ತದೆ. ಐದಾರು ಮೀಟರ್ ಪೈಪ್ ಬಿಟ್ಟು ಹಾಕಿದ್ದೇವೆ. ಎಣ್ಣೆ ಹಾಕುವ ಕಂಪ್ರೆಸರ್ ಆದರೆ ಎಣ್ಣೆ ಹಿಡಿಯುವ ಫಿಲ್ಟರ್ ಕೂಡ ಬೇಕು, ಮುಂದೆ ಸೆರಾಮಿಕ್ ಕೋಟಿಂಗ್ (ಪೇಂಟಿಗೆ ಹಚ್ಚುವ ರಕ್ಷಣೆಯ ಪದರ) ಮಾಡುವ ಗಾಡಿಯಾದರಂತೂ ಬೇಕೇಬೇಕು.

ನಳಿಕೆ ಪಕ್ಕದಲ್ಲಿ ತೂತಿರುವ ಸೇಫ್ಟಿ ಮಾದರಿಯದು. ತುದಿ ಚರ್ಮಕ್ಕೆ ಒತ್ತಿಕೊಂಡರೆ ಗಾಳಿ ಪಕ್ಕದಿಂದ ಹೋಗುತ್ತದೆ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಒಎಸ್‌ಎಚ್‌ಎ ನಿಯಮದಲ್ಲಿ, ನಳಿಕೆಯ ತುದಿ ಮುಚ್ಚಿಕೊಂಡಾಗ ಶುಚಿ ಮಾಡುವ ಗಾಳಿಯ ಒತ್ತಡ 30 ಪಿಎಸ್‌ಐಗಿಂತ ಕಡಿಮೆ ಇರಬೇಕು ಎಂದಿರುವುದು ಈ ಅಪಾಯಕ್ಕೇ.

ಬಕೆಟ್

20 ಲೀಟರ್ ಎಮಲ್ಷನ್ ಬಕೆಟ್. ಮುಚ್ಚಳದಲ್ಲಿ 17 ಸೆಂ.ಮೀ. ವೃತ್ತ ಕತ್ತರಿಸಿದರೆ 150 ಮಿ.ಮೀ. ಪ್ಯಾಡ್ ಮಷಿನ್ ಸಮೇತ ಒಳಗಿಳಿಯುತ್ತದೆ. ಅಂಚಿಗೆ ಹಳೇ ಟ್ಯೂಬಿನ ರಬ್ಬರ್ ಪಟ್ಟಿ. ತಳದಿಂದ ಮೂರು ಬೆರಳು ಮೇಲೆ ವ್ಯಾಕ್ಯೂಮ್ ಪೈಪಿನ ತೂತು. ಎದುರು ಬದಿಯಲ್ಲಿ, ಪ್ಯಾಡಿನ ಮಟ್ಟಕ್ಕಿಂತ ಕೆಳಗೆ, ಗನ್ ಮೇಲ್ಮುಖವಾಗಿ ತೂರಲು ಉದ್ದನೆ ಸೀಳು. ವರ್ಕ್‌ಶಾಪ್ ವ್ಯಾಕ್ಯೂಮ್ ನಿಮಿಷಕ್ಕೆ ಸಾವಿರ ಲೀಟರಿಗೂ ಹೆಚ್ಚು ಎಳೆಯುತ್ತದೆ, ಗನ್ ಬಿಡುವುದು ಅದರ ಸಣ್ಣ ಪಾಲು. ಆದ್ದರಿಂದ ಪುಡಿ ಮುಚ್ಚಳದಿಂದ ಹೊರಗೆ ಬರುವುದಿಲ್ಲ. ಬರತೊಡಗಿತೆಂದರೆ ವ್ಯಾಕ್ಯೂಮಿನ ಫಿಲ್ಟರ್ ಕಟ್ಟಿದೆ ಎಂದೇ ಅರ್ಥ. ಧೂಳು ಹಿಡಿಯಲೆಂದು ತಳಕ್ಕೆ ನೀರು ಹಾಕುವ ಉಪಾಯ ಬೇಡ, ಗಾಳಿ ಆ ನೀರನ್ನೇ ಪ್ಯಾಡಿಗೆ ಎರಚುತ್ತದೆ.

ಊದುವ ಕ್ರಮ

ಡಿಎ ಮಷಿನ್ (ಡ್ಯುಯಲ್ ಆ್ಯಕ್ಷನ್, ಪ್ಯಾಡ್ ಸುತ್ತುತ್ತಲೇ ಓಲಾಡುವ ಪಾಲಿಶರ್) ಆಫ್ ಇಟ್ಟು ಊದಿದರೆ ಪ್ಯಾಡ್ ಗಿರಗಿಟ್ಲೆಯಂತೆ ಸುತ್ತುತ್ತದೆ, ಬೇರಿಂಗಿಗೆ ಅದು ಒಳ್ಳೆಯದಲ್ಲ. ಕನಿಷ್ಠ ಸ್ಪೀಡಿನಲ್ಲಿ ಓಡಿಸುತ್ತಾ, ನಳಿಕೆಯನ್ನು 10-15 ಸೆಂ.ಮೀ. ದೂರದಲ್ಲಿ 45 ಡಿಗ್ರಿ ಓರೆಯಾಗಿ ಹಿಡಿದು, ನಡುವಿನಿಂದ ಅಂಚಿನ ಕಡೆಗೆ ಸಾಗಬೇಕು. ನೇರವಾಗಿ ಹತ್ತಿರದಿಂದ ಊದಿದರೆ ಎರಡು ತೊಂದರೆ: ಮಡ್ಡಿ ಇನ್ನೂ ಒಳಕ್ಕೆ ಹೋಗುತ್ತದೆ, ಫೋಮಿನ ಅಂಚು ಚೂರುಚೂರಾಗಿ ಕಿತ್ತುಬರುತ್ತದೆ. 90 ಪಿಎಸ್‌ಐಗೆ ಏರಿಸಿದರೆ ಹೆಚ್ಚು ಶುಚಿಯಾಗುತ್ತದೆ ಎಂಬ ಮಾತಿದೆ. ಫೋಮಿನಲ್ಲಿ ಹೆಚ್ಚಾಗುವುದು ಸದ್ದು ಮಾತ್ರ.

ಊದುವ ಮೊದಲು ಹೆಬ್ಬೆರಳಿನಿಂದ ಫೋಮ್ ಒತ್ತಿ ನೋಡಬೇಕು. ಬೆರಳಿನ ಸುತ್ತ ಬಿಳಿ ಒದ್ದೆ ಉಂಗುರ ಮೂಡಿದರೆ ಪ್ಯಾಡ್ ಪಾಲಿಶ್ ಕುಡಿದು ತುಂಬಿದೆ; ಅದನ್ನು ಊದಿದರೆ ಹನಿ ಸಿಡಿಯುತ್ತದೆಯೇ ಹೊರತು ಪುಡಿ ಬರುವುದಿಲ್ಲ. ಪಕ್ಕಕ್ಕಿಟ್ಟು ಬೇರೆ ಪ್ಯಾಡ್ ಹಾಕಿ. ಮಡ್ಡಿ ಒಣಗಿ ಗಾಜಿನಂತೆ ಹೊಳೆಯುತ್ತಿದ್ದರೂ ಗಾಳಿ ಸೋಲುತ್ತದೆ, ಮೊದಲು ನೈಲಾನ್ ಬ್ರಷ್.

ಮೈಕ್ರೋಫೈಬರಿಗೆ ಗಾಳಿಯೇ ಸರಿ. ಪ್ರತಿ ಭಾಗಕ್ಕೂ ಊದಬೇಕು, ಒಮ್ಮೆ ಆ ಕಡೆಯಿಂದ, ಒಮ್ಮೆ ಈ ಕಡೆಯಿಂದ, ಮಲಗಿದ ಎಳೆ ಎದ್ದು ನಿಲ್ಲುವ ತನಕ. ಹೊಸ ವೂಲ್ ಪ್ಯಾಡನ್ನು ಮಾತ್ರ ಬಳಸುವ ಮೊದಲೇ ಊದಿ ಸಡಿಲ ನೂಲು ತೆಗೆಯಬೇಕು. ಸದ್ಯದ ಸಮಸ್ಯೆ ಆ ನೂಲು: ವ್ಯಾಕ್ಯೂಮ್ ಬಾಯಿಗೆ ಸಿಂಬೆಯಾಗಿ ಸುತ್ತಿಕೊಳ್ಳುತ್ತದೆ. ಕಿಟಕಿಗೆ ಹಾಕುವ ಸೊಳ್ಳೆ ಜಾಲರಿಯನ್ನು ತೂತಿಗೆ ಅಡ್ಡ ಕಟ್ಟಿ ನೋಡಬೇಕು.

ಗಾಳಿ ಊದುವುದು ತೊಳೆಯುವುದಕ್ಕೆ ಬದಲಿ ಅಲ್ಲ. ಸಂಜೆ ಉಗುರುಬೆಚ್ಚಗಿನ ನೀರು, ಒಂದಕ್ಕೆ ಹತ್ತು ಪಾಲಿನಂತೆ ಬೆರೆಸಿದ ಎಪಿಸಿ (ಆಲ್ ಪರ್ಪಸ್ ಕ್ಲೀನರ್). ಹಿಂಡದೆ ಅದುಮಿ ನೀರು ತೆಗೆಯುವುದು. ಮೈಕ್ರೋಫೈಬರಿಗೆ ಫ್ಯಾಬ್ರಿಕ್ ಸಾಫ್ಟ್‌ನರ್ ಬೇಡ. ಫೋಮ್ ಮುಖ ಕೆಳಗೆ ಮಾಡಿ ನೆರಳಲ್ಲಿ ಒಣಗಿಸಿದರೆ ವೆಲ್ಕ್ರೋ ಅಂಟಿನ ಬಳಿ ನೀರು ನಿಲ್ಲುವುದಿಲ್ಲ. ಮಷಿನ್ನಿಗೆ ಪ್ಯಾಡ್ ಅಂಟುವ ಬ್ಯಾಕಿಂಗ್ ಪ್ಲೇಟಿನ ವೆಲ್ಕ್ರೋ ಕೊಕ್ಕೆಗಳಿಗೂ ಒಮ್ಮೆ ಗಾಳಿ ಹೊಡೆಯಿರಿ, ಪ್ಯಾಡ್ ಜಾರುವುದು ಎಷ್ಟೋ ಸಲ ಅಲ್ಲಿ ಕೂತ ನೂಲಿನಿಂದ.

ಬಾಕಿ: ಜಾಲರಿ, ಸೀಳಿಗೆ ರಬ್ಬರ್ ಮುಚ್ಚಳ, ಗನ್ ನೇತುಹಾಕಲು ಕೊಕ್ಕೆ. ಕನ್ನಡಕ, ಎನ್95 ಮಾಸ್ಕ್, ಇಯರ್ ಪ್ಲಗ್ ಬಕೆಟಿನ ಪಕ್ಕದ ಗೋಡೆಗೇ ಬರುತ್ತವೆ. ದೂರವಿಟ್ಟರೆ ಯಾರೂ ಹಾಕುವುದಿಲ್ಲ.